ಓಟ ಹೃದಯದ ಅಪಾಯವನ್ನು ಇಳಿಸುತ್ತದೆ, ಅಳಿಸುವುದಿಲ್ಲ

(ನಲವತ್ತೈದು ದಾಟಿದ ಗಂಡಸರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ. ಸಭಿಕರ ಪ್ರಶ್ನೆಗಳಲ್ಲಿ ಮೂರನ್ನು ಕೊನೆಯಲ್ಲಿ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರಿಗೆ 46 ವರ್ಷ. ಅಷ್ಟು ಶಿಸ್ತಿನಿಂದ ವ್ಯಾಯಾಮ ಮಾಡುತ್ತಿದ್ದವರಿಗೇ ಹೀಗಾದರೆ ನಮ್ಮ ಗತಿಯೇನು ಎಂದು ಜನ ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ತಪಾಸಣೆಗೆ ಸಾಲುಗಟ್ಟಿದರು. ತಪಾಸಣೆಗೆ ಬಂದದ್ದು ಒಳ್ಳೆಯದೇ. ಆದರೆ ಅದರ ಜೊತೆಗೇ ಇನ್ನೊಂದು ಮಾತು ಮನೆಮನೆಯಲ್ಲಿ ಬೇರೂರಿತು: "ಈ ವಯಸ್ಸಲ್ಲಿ ಓಡೋದೆಲ್ಲ ಬೇಡ ರೀ, ಸುಮ್ನೆ ಇರಿ." ಇವತ್ತಿನ ಮಾತೆಲ್ಲ ಈ ಒಂದು ವಾಕ್ಯದ ಸುತ್ತಲೇ. ಸುಮ್ಮನೆ ಕೂರುವುದೇ ಹೆಚ್ಚು ಅಪಾಯ ಎನ್ನುವುದಕ್ಕೆ ಎಪ್ಪತ್ತು ವರ್ಷಗಳ ಪುರಾವೆ ಇದೆ. ಓಡುವವನಿಗೆ ಹೃದಯಾಘಾತ ಆಗುವುದೇ ಇಲ್ಲ ಎಂಬ ನಂಬಿಕೆಯೂ ಅಷ್ಟೇ ಸುಳ್ಳು. ಈ ಎರಡನ್ನೂ ಒಟ್ಟಿಗೆ ತಲೆಯಲ್ಲಿಟ್ಟುಕೊಂಡವನು ಮಾತ್ರ ಸರಿಯಾಗಿ ಓಡಬಲ್ಲ.

ಪುರಾವೆ ಎಲ್ಲಿಂದ ಬಂತು

1953ರಲ್ಲಿ ಜೆರೆಮಿ ಮಾರಿಸ್ ಎಂಬ ವೈದ್ಯರು ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ನೌಕರರ ಲೆಕ್ಕವನ್ನು ಪ್ರಕಟಿಸಿದರು. ಚಾಲಕ ದಿನವಿಡೀ ಕೂತಿರುತ್ತಾನೆ. ನಿರ್ವಾಹಕ ಟಿಕೆಟ್ ಕೊಡುತ್ತಾ ದಿನಕ್ಕೆ ಸುಮಾರು 600 ಮೆಟ್ಟಿಲು ಹತ್ತುತ್ತಾನೆ. ಅದೇ ಊರು, ಅದೇ ಸಂಸ್ಥೆ, ಹೆಚ್ಚುಕಡಿಮೆ ಅದೇ ಸಂಬಳ. ಆದರೂ 35ರಿಂದ 64 ವರ್ಷದ ಆ ಗಂಡಸರಲ್ಲಿ ನಿರ್ವಾಹಕರಿಗೆ ಹೃದಯಾಘಾತ ಕಡಿಮೆ. ಬಂದರೂ ತಡವಾಗಿ, ಸೌಮ್ಯವಾಗಿ. ದಪ್ಪಗಿದ್ದವರೇ ಚಾಲಕರಾಗಿ ಸೇರಿರಬಹುದಲ್ಲ ಎಂಬ ಅನುಮಾನ ಮಾರಿಸರಿಗೇ ಬಂತು. ಸಮವಸ್ತ್ರದ ಅಳತೆಗಳನ್ನು ತರಿಸಿ ನೋಡಿದರು. ಚಾಲಕರ ಸೊಂಟದ ಸುತ್ತಳತೆ ನಿಜಕ್ಕೂ ಜಾಸ್ತಿ ಇತ್ತು. ತಮ್ಮ ಫಲಿತಾಂಶವನ್ನು ತಾವೇ ಹೀಗೆ ಪರೀಕ್ಷೆಗೆ ಒಡ್ಡಿದ್ದರಿಂದಲೇ ಈ ಅಧ್ಯಯನಕ್ಕೆ ಇಂದಿಗೂ ಬೆಲೆ.

ಓಟದ್ದೇ ಲೆಕ್ಕ ಬೇಕೆಂದರೆ 2014ರಲ್ಲಿ ಅಮೆರಿಕದ ಡಲ್ಲಾಸ್‌ನಿಂದ ಬಂದದ್ದು ಮುಖ್ಯ. 55,137 ಜನರನ್ನು ಸರಾಸರಿ 15 ವರ್ಷ ಗಮನಿಸಿದರು. ಓಡದವರಿಗೆ ಹೋಲಿಸಿದರೆ ಓಡುವವರಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದ ಸಾಯುವ ಸಂಭವ 45 ಪ್ರತಿಶತ ಕಡಿಮೆ, ಯಾವುದೇ ಕಾರಣದಿಂದ ಸಾಯುವ ಸಂಭವ 30 ಪ್ರತಿಶತ ಕಡಿಮೆ. ಇದಕ್ಕಿಂತ ದೊಡ್ಡ ಸುದ್ದಿ ಬೇರೆ ಇತ್ತು: ದಿನಕ್ಕೆ 5ರಿಂದ 10 ನಿಮಿಷ, ಗಂಟೆಗೆ 9-10 ಕಿ.ಮೀ.ಗಿಂತ ನಿಧಾನವಾಗಿ ಓಡುವವರಿಗೂ ಲಾಭದ ಬಹುಪಾಲು ಸಿಕ್ಕಿತ್ತು. 14 ಅಧ್ಯಯನಗಳ 2,32,149 ಜನರನ್ನು ಒಟ್ಟುಗೂಡಿಸಿದ 2019ರ ವಿಶ್ಲೇಷಣೆಯೂ ಇದೇ ದಾರಿಯಲ್ಲಿದೆ. ಹೆಚ್ಚು ಓಡಿದಷ್ಟೂ ಲಾಭ ಏರುತ್ತಲೇ ಹೋಗುತ್ತದೆ ಎಂಬುದು ಅಲ್ಲಿ ಕಾಣಲಿಲ್ಲ. ವಾಟ್ಸಾಪಿನಲ್ಲಿ ಗೆಳೆಯರು ಹಾಕುವ ಕಿಲೋಮೀಟರ್ ಲೆಕ್ಕ ನೋಡಿ ಕೀಳರಿಮೆ ಪಡುವವರಿಗಾಗಿ ಇದನ್ನು ಒತ್ತಿ ಹೇಳುತ್ತಿದ್ದೇವೆ.

ವಯಸ್ಸಾದವರ ಬಗ್ಗೆ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ 1984ರಲ್ಲಿ ಶುರುಮಾಡಿದ ಅಧ್ಯಯನವಿದೆ. ಐವತ್ತು ದಾಟಿದ ಓಟಗಾರರು ಒಂದು ಕಡೆ, ಓಡದವರು ಇನ್ನೊಂದು ಕಡೆ. 19 ವರ್ಷಗಳ ಬಳಿಕ ನೋಡಿದಾಗ ಓಡದವರಲ್ಲಿ 34 ಪ್ರತಿಶತ, ಓಟಗಾರರಲ್ಲಿ 15 ಪ್ರತಿಶತ ಜನ ತೀರಿಕೊಂಡಿದ್ದರು.

ಈ ಅಂಕಿಗಳನ್ನು ಪೂರ್ತಿ ಓಟದ ಖಾತೆಗೇ ಬರೆಯುವಂತಿಲ್ಲ. ಓಡುವವರು ಸಾಮಾನ್ಯವಾಗಿ ಸಿಗರೇಟು ಸೇದುವುದಿಲ್ಲ, ತೂಕ ಕಡಿಮೆ, ದುಡ್ಡು ತುಸು ಹೆಚ್ಚು. ನಮ್ಮ ಜನಕ್ಕೆ ಇನ್ನೊಂದು ಎಚ್ಚರಿಕೆ ಬೇಕು. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಆದ ಮಧ್ಯಾಂಕ ವಯಸ್ಸು 53, ಅಂದರೆ ಅರ್ಧ ಜನರಿಗೆ ಅದಕ್ಕಿಂತ ಮೊದಲೇ. ಉಳಿದವರಿಗೆ ಸುಮಾರು 59. ಪಾಶ್ಚಾತ್ಯ ಪುಸ್ತಕದಲ್ಲಿ "ಅರವತ್ತು ದಾಟಿದ ಮೇಲೆ ಜಾಗ್ರತೆ" ಎಂದಿದ್ದರೆ ಮಂಡ್ಯದವನೂ ಹುಬ್ಬಳ್ಳಿಯವನೂ ಅದನ್ನು ಐವತ್ತೆಂದೇ ಓದಿಕೊಳ್ಳಬೇಕು.

ಒಳಗೆ ಏನಾಗುತ್ತದೆ

ಕೂತಾಗ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ತಳ್ಳುತ್ತದೆ. ಓಡುವಾಗ ಅದು 15 ಲೀಟರ್, ಇನ್ನೂ ಹೆಚ್ಚು. ರಕ್ತ ರಭಸದಿಂದ ಹರಿದಾಗ ನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಬಿಡುತ್ತದೆ, ನಾಳ ಹಿಗ್ಗುತ್ತದೆ. ತಿಂಗಳುಗಟ್ಟಲೆ ಹೀಗೆ ಆಗುತ್ತಿದ್ದರೆ ನಾಳಗಳ ಬಿಗಿ ಸಡಿಲುತ್ತದೆ. ಬಿಪಿ ಇರುವವರಲ್ಲಿ ಮೇಲಿನ ಅಂಕಿ ಸಾಮಾನ್ಯವಾಗಿ 5ರಿಂದ 8ರಷ್ಟು ಇಳಿಯುತ್ತದೆ. ಒಮ್ಮೆ ಓಡಿದರೆ ಸ್ನಾಯುಗಳು ಒಂದೆರಡು ದಿನ ಸಕ್ಕರೆಯನ್ನು ಚೆನ್ನಾಗಿ ಹೀರಿಕೊಳ್ಳುತ್ತವೆ. ವಾರಕ್ಕೊಮ್ಮೆ ಭಾನುವಾರ ಮಾತ್ರ ಎರಡು ಗಂಟೆ ಓಡುವುದಕ್ಕಿಂತ ದಿನ ಬಿಟ್ಟು ದಿನ ಅರ್ಧ ಗಂಟೆ ಓಡಿ ಎನ್ನುವುದಕ್ಕೆ ಇದೂ ಒಂದು ಕಾರಣ. ರಕ್ತದಲ್ಲಿನ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಇಳಿಯುತ್ತದೆ, ಒಳ್ಳೆಯ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ ಸ್ವಲ್ಪ ಏರುತ್ತದೆ.

ಬಹಳ ಜನ ಎಡವುವುದು ಮುಂದಿನದರಲ್ಲಿ. ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ ಓಟಕ್ಕೆ ಹೆಚ್ಚು ಬಗ್ಗುವುದಿಲ್ಲ. 170 ಇದ್ದದ್ದನ್ನು ಓಡಿಯೇ 70ಕ್ಕೆ ತರುತ್ತೇನೆ ಎಂದು ಮಾತ್ರೆ ನಿಲ್ಲಿಸಿದರೆ ನಾಳದೊಳಗೆ ಜಿಡ್ಡು ಕಟ್ಟುವುದು ನಿಲ್ಲುವುದಿಲ್ಲ. ರಕ್ತದಲ್ಲಿ ಕೊಬ್ಬು ಸಾಗಿಸುವ ಲೈಪೊಪ್ರೋಟೀನ್ ಎ ಎಂಬ ಕಣದ ಪ್ರಮಾಣ ವಂಶದಿಂದ ಬರುವಂಥದ್ದು, ಅದಂತೂ ಓಟದಿಂದ ಕದಲುವುದೇ ಇಲ್ಲ. ಜೀವಮಾನದಲ್ಲಿ ಒಮ್ಮೆ ಅದನ್ನು ಪರೀಕ್ಷೆ ಮಾಡಿಸಿಕೊಂಡರೆ ಸಾಕು. ಅಪ್ಪನಿಗೋ ಅಣ್ಣನಿಗೋ 55 ತುಂಬುವ ಮೊದಲೇ ಹೃದಯಾಘಾತ ಆಗಿದ್ದರೆ ಮಾಡಿಸಲೇಬೇಕು.

ಹೃದಯದ ಸ್ನಾಯು ವಯಸ್ಸಿನೊಂದಿಗೆ ಪೆಡಸಾಗುತ್ತದೆ, ರಕ್ತ ತುಂಬಿಕೊಳ್ಳುವಾಗ ಮೊದಲಿನಷ್ಟು ಹಿಗ್ಗುವುದಿಲ್ಲ. 2018ರಲ್ಲಿ ಡಲ್ಲಾಸ್‌ನ ಸಂಶೋಧಕರು, ವ್ಯಾಯಾಮದ ರೂಢಿಯಿಲ್ಲದ 45ರಿಂದ 64 ವರ್ಷದ 53 ಜನರ ಮೇಲೆ ಎರಡು ವರ್ಷ ನಡೆಸಿದ ಪ್ರಯೋಗದ ಫಲಿತಾಂಶ ಕೊಟ್ಟರು. ಒಂದು ಗುಂಪು ವಾರಕ್ಕೆ 4-5 ದಿನ ದಮ್ಮು ಹೆಚ್ಚಿಸುವ ವ್ಯಾಯಾಮ ಮಾಡಿತು, ಒಂದು ದಿನ ಸ್ವಲ್ಪ ಬಿರುಸಾಗಿಯೇ. ಇನ್ನೊಂದು ಗುಂಪಿಗೆ ಯೋಗ, ಸಮತೋಲನದ ಅಭ್ಯಾಸ, ತೂಕ ಎತ್ತುವುದು. ಮೊದಲನೆಯವರ ಆಮ್ಲಜನಕ ಬಳಸುವ ಸಾಮರ್ಥ್ಯ 18 ಪ್ರತಿಶತ ಏರಿತು, ಹೃದಯದ ಪೆಡಸುತನ 25 ಪ್ರತಿಶತ ಇಳಿಯಿತು. ಎರಡನೆಯವರಲ್ಲಿ ಆ ಬದಲಾವಣೆ ಆಗಲಿಲ್ಲ. ಯೋಗದ ಮೇಲಿನ ಗೌರವವನ್ನು ಇಟ್ಟುಕೊಂಡೇ ಹೇಳಬೇಕು: ಬೆವರಿಳಿಸಿ, ಉಸಿರು ಏರಿಸುವ ಕೆಲಸ ಅದರ ಜೊತೆಗೆ ಇರಲೇಬೇಕು. ನಿವೃತ್ತಿಯಾದ ಮೇಲೆ ನೋಡೋಣ ಎಂದು ಮುಂದೂಡುವ ಕೆಲಸವೂ ಇದಲ್ಲ. ಹೃದಯ ಇನ್ನೂ ಮಣಿಯುವ ವಯಸ್ಸು ನಲವತ್ತೈದರಿಂದ ಅರವತ್ತೈದರ ಒಳಗೇ ಇದೆ.

ಓಡುವವರು ಯಾಕೆ ಕುಸಿಯುತ್ತಾರೆ

ಅಮೆರಿಕದಲ್ಲಿ ಜಾಗಿಂಗನ್ನು ಜನಪ್ರಿಯಗೊಳಿಸಿದ ಲೇಖಕ ಜಿಮ್ ಫಿಕ್ಸ್ 1984ರ ಜುಲೈ 20ರಂದು ವರ್ಮಾಂಟ್‌ನಲ್ಲಿ ಓಡುವಾಗ ಹೃದಯಾಘಾತದಿಂದ ಸತ್ತರು. ವಯಸ್ಸು 52. ಓಟದ ವಿರೋಧಿಗಳು ಇಂದಿಗೂ ಈ ಹೆಸರನ್ನು ಎತ್ತುತ್ತಾರೆ. ಪೂರ್ತಿ ಕತೆ ಕೇಳಿ. ಅವರ ತಂದೆಗೆ 35ರಲ್ಲೇ ಮೊದಲ ಹೃದಯಾಘಾತ, 43ಕ್ಕೆ ಸಾವು. ಫಿಕ್ಸ್ ಓಟ ಶುರುಮಾಡಿದ್ದು ಮೂವತ್ತರ ನಡುವಿನಲ್ಲಿ; ಅಲ್ಲಿಯವರೆಗೆ ವಿಪರೀತ ಸಿಗರೇಟು, ವಿಪರೀತ ತೂಕ. ಶವಪರೀಕ್ಷೆಯಲ್ಲಿ, ಹೃದಯಕ್ಕೇ ರಕ್ತ ಒದಗಿಸುವ ಕೊರೋನರಿ ನಾಳಗಳಲ್ಲಿ ಒಂದು 95, ಇನ್ನೊಂದು 85, ಮೂರನೆಯದು 70 ಪ್ರತಿಶತ ಮುಚ್ಚಿದ್ದು ಕಂಡಿತು. ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಹೇಳಿದ್ದರೂ ಅವರು ಮಾಡಿಸಿರಲಿಲ್ಲ. ಓಟ ಅವರನ್ನು ತಂದೆಗಿಂತ ಒಂಬತ್ತು ವರ್ಷ ಹೆಚ್ಚು ಬದುಕಿಸಿತು ಎನ್ನಬಹುದು, ಓಟದ ಮೇಲಿನ ಅತಿ ಭರವಸೆ ಅವರನ್ನು ತಪಾಸಣೆಯಿಂದ ದೂರ ಇಟ್ಟಿತು ಎಂದೂ ಎನ್ನಬಹುದು. ಎರಡೂ ನಿಜವೆಂದೇ ನಮ್ಮ ಅಭಿಪ್ರಾಯ.

ಜೋರಾಗಿ ದೇಹ ದಂಡಿಸುವ ಆ ಒಂದು ಗಂಟೆಯಲ್ಲಿ ಹೃದಯಾಘಾತದ ಸಂಭವ ಏರುವುದು ಹೌದು. ಬಿಪಿ, ಅಡ್ರಿನಲಿನ್ ಎರಡೂ ಏರಿ, ನಾಳದ ಗೋಡೆಯಲ್ಲಿ ಮೊದಲೇ ಇದ್ದ ಜಿಡ್ಡಿನ ಗಂಟು ಬಿರಿಯುತ್ತದೆ. ಬಿರಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ ನಾಳ ಪೂರ್ತಿ ಮುಚ್ಚುತ್ತದೆ. ಎಷ್ಟು ಏರುತ್ತದೆ ಎಂಬುದು ನೀವು ಯಾರು ಎನ್ನುವುದರ ಮೇಲೆ ನಿಂತಿದೆ. 1993ರ ಅಮೆರಿಕದ ಅಧ್ಯಯನದಲ್ಲಿ, ವಾರಕ್ಕೆ ಐದು ಸಲ ಅಥವಾ ಹೆಚ್ಚು ದೇಹ ದಂಡಿಸುವವರಿಗೆ ಆ ಗಂಟೆಯ ಅಪಾಯ 2.4 ಪಟ್ಟು ಏರಿತು. ವಾರಕ್ಕೊಮ್ಮೆಯೂ ದಂಡಿಸದವರಿಗೆ 107 ಪಟ್ಟು. ಈ ಎರಡು ಅಂಕಿಗಳ ನಡುವಿನ ಅಂತರದಲ್ಲೇ ಇವತ್ತಿನ ಉಪನ್ಯಾಸದ ತಿರುಳಿದೆ. ವರ್ಷವಿಡೀ ಕುರ್ಚಿ ಬಿಡದವನು ಕಚೇರಿಯ ಕ್ರೀಡಾಕೂಟದಲ್ಲಿ ಏಕಾಏಕಿ 100 ಮೀಟರ್ ಓಟಕ್ಕೆ ಇಳಿಯುವುದು, ಮದುವೆ ಮನೆಯ ಹುಡುಗರ ಜೊತೆ ಕ್ರಿಕೆಟ್‌ನಲ್ಲಿ ಎರಡೆರಡು ರನ್ ಕದಿಯುವುದು: ಅಪಾಯ ಕಾದಿರುವುದು ಅಲ್ಲಿ.

ಒಟ್ಟಾರೆ ಲೆಕ್ಕದಲ್ಲಿ ಇದು ಅಪರೂಪವೇ. ಅಮೆರಿಕದ ಗಂಡು ವೈದ್ಯರ ಅಧ್ಯಯನದಲ್ಲಿ ಹಠಾತ್ ಸಾವು ಬಂದದ್ದು ಜೋರಿನ ವ್ಯಾಯಾಮದ 15.1 ಲಕ್ಷ ಸಲಕ್ಕೆ ಒಮ್ಮೆ. ಅಲ್ಲಿನ ಮ್ಯಾರಥಾನ್ ಮತ್ತು ಅರೆ ಮ್ಯಾರಥಾನ್‌ಗಳಲ್ಲಿ 2010ರಿಂದ 2023ರವರೆಗೆ 2.9 ಕೋಟಿಗೂ ಹೆಚ್ಚು ಜನ ಗುರಿ ಮುಟ್ಟಿದರು. ಹೃದಯ ನಿಂತದ್ದು 176 ಜನರಿಗೆ. ಹಿಂದಿನ ದಶಕಕ್ಕೆ ಹೋಲಿಸಿದರೆ ಹೃದಯ ನಿಲ್ಲುವ ಪ್ರಮಾಣ ಹೆಚ್ಚುಕಡಿಮೆ ಅಷ್ಟೇ ಇದ್ದರೂ ಸಾವು ಸುಮಾರು ಅರ್ಧಕ್ಕೆ ಇಳಿಯಿತು. ಪಕ್ಕದಲ್ಲಿದ್ದವರು ಎದೆ ಒತ್ತಿದ್ದು, ಶಾಕ್ ಕೊಡುವ ಎಇಡಿ ಯಂತ್ರ ಹತ್ತಿರದಲ್ಲೇ ಸಿಕ್ಕಿದ್ದು ಜೀವ ಉಳಿಸಿತು. ಕುಸಿದವರಲ್ಲಿ ಹೆಚ್ಚಿನವರು ಗಂಡಸರು, ಹೆಚ್ಚಾಗಿ ಕೊನೆಯ ಕಾಲು ಭಾಗದ ದಾರಿಯಲ್ಲಿ. ಗುರಿ ಕಂಡಾಗ ಹುರುಪಿನಲ್ಲಿ ವೇಗ ಹೆಚ್ಚಿಸುವುದನ್ನು ಐವತ್ತು ದಾಟಿದವರು ಬಿಡಬೇಕು.

ಶುರು ಮಾಡುವ ಮೊದಲು

ಸೊಂಟದ ಸುತ್ತಳತೆ ನೋಡಿ. ಭಾರತೀಯ ಗಂಡಸರಿಗೆ 90 ಸೆಂ.ಮೀ. ಮೇಲಿದ್ದರೆ ಹೆಚ್ಚು. ಬಿಪಿ, ಖಾಲಿ ಹೊಟ್ಟೆಯ ಸಕ್ಕರೆ ಅಥವಾ ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ, ಲಿಪಿಡ್ ಪ್ರೊಫೈಲ್ (ರಕ್ತದ ಕೊಬ್ಬಿನ ಪರೀಕ್ಷೆ), ಇಸಿಜಿ ಮಾಡಿಸಿ. ಶುಗರ್, ಬಿಪಿ, ಧೂಮಪಾನ, ಮನೆತನದ ಇತಿಹಾಸ ಇವುಗಳಲ್ಲಿ ಯಾವುದಾದರೂ ಇದ್ದು ಓಟಕ್ಕೇ ಇಳಿಯುವುದಾದರೆ ಹೃದಯ ತಜ್ಞರನ್ನು ಕಂಡು ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ, ಓಡಿಸಿ ಇಸಿಜಿ ನೋಡುವ ಪರೀಕ್ಷೆ) ಬೇಕೇ ಎಂದು ಕೇಳಿ. ಟಿಎಂಟಿಯ ಮಿತಿಯೂ ಗೊತ್ತಿರಲಿ. ನಾಳ ಸುಮಾರು ಮುಕ್ಕಾಲು ಭಾಗ ಮುಚ್ಚಿದ್ದರೆ ಅದು ಹಿಡಿಯುತ್ತದೆ. 40 ಪ್ರತಿಶತದ ಗಂಟು ಅದರ ಕಣ್ಣಿಗೆ ಬೀಳುವುದಿಲ್ಲ, ಆದರೆ ಬಿರಿಯುವುದು ಅಂಥ ಗಂಟೂ ಇರಬಹುದು. "ಟಿಎಂಟಿ ನಾರ್ಮಲ್" ಎಂಬ ವರದಿಯನ್ನು ಐದು ವರ್ಷದ ಪರವಾನಗಿ ಎಂದುಕೊಳ್ಳಬೇಡಿ.

ಬಹಳ ವರ್ಷ ಬಹಳ ದೂರ ಓಡಿದವರ ಕೊರೋನರಿ ನಾಳದಲ್ಲಿ ಸುಣ್ಣದಂಶ ಹೆಚ್ಚು ಕಾಣುತ್ತದೆ ಎಂಬ ಸುದ್ದಿ ಓದಿ ಹೆದರಿದವರಿದ್ದಾರೆ. ಕಾಣುವುದು ನಿಜ. ಡಲ್ಲಾಸ್‌ನಲ್ಲೇ 21,758 ಗಂಡಸರನ್ನು ನೋಡಿದಾಗ ಅತಿ ಹೆಚ್ಚು ವ್ಯಾಯಾಮ ಮಾಡುವವರಲ್ಲಿ ಸುಣ್ಣದಂಶ ತುಸು ಹೆಚ್ಚಿತ್ತು, ಸಾವು ಮಾತ್ರ ಹೆಚ್ಚಿರಲಿಲ್ಲ. ಗಟ್ಟಿ ಸುಣ್ಣದ ಗಂಟು ಮೆದು ಜಿಡ್ಡಿನ ಗಂಟಿನಷ್ಟು ಸುಲಭವಾಗಿ ಬಿರಿಯುವುದಿಲ್ಲ ಎಂಬುದು ಇದಕ್ಕೆ ಕೊಡುವ ವಿವರಣೆ. ಈ ಸುಣ್ಣದಂಶವನ್ನು ಸಿಟಿ ಸ್ಕ್ಯಾನ್‌ನಲ್ಲಿ ಅಳೆಯುವ ಕ್ಯಾಲ್ಸಿಯಂ ಸ್ಕೋರ್ 100 ದಾಟಿದ್ದರೆ ಓಟ ಬಿಡಬೇಕಿಲ್ಲ. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯ ಬಗ್ಗೆ ವೈದ್ಯರೊಡನೆ ಮಾತಾಡಬೇಕು.

ಹದಿನಾರು ವಾರದ ದಾರಿ

ಮೊದಲ ನಾಲ್ಕು ವಾರ ಓಟವೇ ಇಲ್ಲ. ವಾರಕ್ಕೆ ಐದು ದಿನ 30 ನಿಮಿಷ ಬಿರುಸಿನ ನಡಿಗೆ. ಐದನೇ ವಾರದಿಂದ ದಿನ ಬಿಟ್ಟು ದಿನ, ವಾರಕ್ಕೆ ಮೂರೇ ದಿನ: 10 ನಿಮಿಷ ನಡೆದು ಮೈ ಬೆಚ್ಚಗಾದ ಮೇಲೆ 1 ನಿಮಿಷ ಓಟ, 2 ನಿಮಿಷ ನಡಿಗೆ, ಹೀಗೆ ಎಂಟು ಸಲ. ಏಳು-ಎಂಟನೇ ವಾರ 2 ನಿಮಿಷ ಓಟ, 2 ನಿಮಿಷ ನಡಿಗೆ, ಆರು ಸಲ. ಒಂಬತ್ತು-ಹತ್ತರಲ್ಲಿ 3 ನಿಮಿಷ ಓಟ, 2 ನಿಮಿಷ ನಡಿಗೆ, ಐದು ಸಲ. ಹನ್ನೊಂದು-ಹನ್ನೆರಡರಲ್ಲಿ 5 ನಿಮಿಷ ಓಟ, 1 ನಿಮಿಷ ನಡಿಗೆ, ನಾಲ್ಕು ಸಲ. ಅಲ್ಲಿಂದ ನಡಿಗೆಯನ್ನು ಕಡಿಮೆ ಮಾಡುತ್ತಾ ಹದಿನಾರನೇ ವಾರಕ್ಕೆ ಬಿಡುವಿಲ್ಲದೆ 20-25 ನಿಮಿಷ. ಯಾವುದಾದರೂ ವಾರ ಕಷ್ಟವೆನಿಸಿದರೆ ಅದನ್ನೇ ಮತ್ತೆ ಮಾಡಿ. ಇಲ್ಲಿ ಅವಸರ ಪಟ್ಟವರು ಮೊದಲು ಕಳೆದುಕೊಳ್ಳುವುದು ಮೀನಖಂಡವನ್ನು ಮತ್ತು ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವನ್ನು (ಸ್ನಾಯುವನ್ನು ಮೂಳೆಗೆ ಜೋಡಿಸುವ ಹುರಿ). ದಮ್ಮು ಆರು ವಾರದಲ್ಲಿ ಸುಧಾರಿಸುತ್ತದೆ, ಐವತ್ತರ ಕಾಲಿನ ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು. "ಉಸಿರು ಚೆನ್ನಾಗಿದೆ, ಇನ್ನೊಂದು ಸುತ್ತು ಹೋಗೋಣ" ಎನಿಸಿದ ದಿನವೇ ಕಾಲು ಕೈಕೊಡುತ್ತದೆ. ವಾರಕ್ಕೆರಡು ದಿನ 15 ಬಸ್ಕಿ ಮೂರು ಸರದಿ, ಮೆಟ್ಟಿಲಂಚಿನಲ್ಲಿ ನಿಂತು ಹಿಮ್ಮಡಿ ಏರಿಸಿ ಇಳಿಸುವುದು 15 ಮೂರು ಸರದಿ ಮಾಡಿದರೆ ಈ ತೊಂದರೆ ಬಹಳ ಮಟ್ಟಿಗೆ ತಪ್ಪುತ್ತದೆ.

ವೇಗಕ್ಕೆ ಎರಡು ಅಳತೆ. ಓಡುತ್ತಾ ಒಂದು ಪೂರ್ತಿ ವಾಕ್ಯ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಎರಡನೆಯದು ನಾಡಿ. 208ರಿಂದ ನಿಮ್ಮ ವಯಸ್ಸಿನ 0.7ರಷ್ಟನ್ನು ಕಳೆಯಿರಿ. ಐವತ್ತು ವರ್ಷದವರಿಗೆ 208ರಲ್ಲಿ 35 ಹೋಗಿ 173. ಅದರ 60ರಿಂದ 75 ಪ್ರತಿಶತ, ಅಂದರೆ 104ರಿಂದ 130 ಬಡಿತ, ಮೊದಲ ಆರು ತಿಂಗಳಿಗೆ ಸಾಕು. ಮೆಟೊಪ್ರೊಲಾಲ್, ಅಟೆನೊಲಾಲ್‌ನಂಥ ಮಾತ್ರೆ ನುಂಗುವವರಿಗೆ ಈ ಲೆಕ್ಕ ಹೊಂದುವುದಿಲ್ಲ. ಮಾತ್ರೆ ನಾಡಿಯನ್ನು ತಡೆದು ಹಿಡಿದಿರುತ್ತದೆ, ಗಡಿಯಾರದಲ್ಲಿ 110 ತೋರಿಸುವಾಗ ದೇಹ ಆಗಲೇ ಪೂರ್ತಿ ದುಡಿಯುತ್ತಿರಬಹುದು. ಅವರು ಮಾತಿನ ಅಳತೆಯನ್ನೇ ನಂಬಬೇಕು.

ಓಟ ಮುಗಿದ ಕೂಡಲೇ ಬೆಂಚಿನ ಮೇಲೆ ಕೂರಬೇಡಿ, ಕಾರು ಹತ್ತಬೇಡಿ. ಓಡುವಾಗ ಕಾಲಿನ ಸ್ನಾಯುಗಳು ರಕ್ತವನ್ನು ಮೇಲಕ್ಕೆ ಒತ್ತುತ್ತಿರುತ್ತವೆ. ಗಕ್ಕನೆ ನಿಂತರೆ ರಕ್ತ ಕಾಲಿನಲ್ಲೇ ಉಳಿದು ಬಿಪಿ ಕುಸಿಯುತ್ತದೆ, ತಲೆ ಸುತ್ತುತ್ತದೆ. ಅದೇ ಹೊತ್ತಿಗೆ ಅಡ್ರಿನಲಿನ್ ಏರಿರುವುದರಿಂದ ಹೃದಯದ ಲಯ ತಪ್ಪುವ ಸಂಭವವೂ ಇದೆ. 8-10 ನಿಮಿಷ ನಡೆಯಿರಿ.

ಶುಗರ್‌ಗೆ ಗ್ಲಿಮಿಪಿರೈಡ್ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಓಡಬಾರದು. ಜೇಬಿನಲ್ಲಿ ಸಕ್ಕರೆ ಅಥವಾ ಗ್ಲೂಕೋಸ್ ಇರಲಿ. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ಇದ್ದರೆ ಬೇಸಿಗೆಯಲ್ಲಿ ನಿರ್ಜಲತೆಯ ಎಚ್ಚರ ಬೇಕು. ಮಂಡಿ ನೋವಿಗೆಂದು ಡೈಕ್ಲೊಫೆನಾಕ್ ನುಂಗಿ ಓಡುವ ಚಾಳಿ ಮೂತ್ರಪಿಂಡಕ್ಕೂ ಹೃದಯಕ್ಕೂ ಕೆಟ್ಟದ್ದು, ಅದನ್ನು ಬಿಡಲೇಬೇಕು. ಜ್ವರ, ಮೈಕೈ ನೋವು ಇದ್ದಾಗ ಓಟ ಬೇಡ. ವೈರಸ್ ಹೃದಯದ ಸ್ನಾಯುವಿಗೂ ಉರಿಯೂತ ತಂದಿದ್ದರೆ ಓಟ ಲಯ ತಪ್ಪಿಸಬಲ್ಲದು. ಜ್ವರ ಬಿಟ್ಟ ಮೇಲೂ ಕೆಲವು ದಿನ ನಡಿಗೆ ಮಾತ್ರ.

"ಗ್ಯಾಸ್ಟ್ರಿಕ್" ಅಂದುಕೊಳ್ಳುವ ಅಪಾಯ

ಓಡುವಾಗ ಎದೆಯ ನಡುವೆ ಭಾರ, ಹಿಂಡಿದಂತೆ ಆಗುವುದು, ಅದು ದವಡೆಗೋ ಎಡಗೈಗೋ ಹರಿಯುವುದು, ನಿಂತರೆ ಐದು ನಿಮಿಷದಲ್ಲಿ ಕಡಿಮೆಯಾಗುವುದು: ಇದು ಹೃದಯದ ನೋವಿನ ನಡತೆ. ನಮ್ಮಲ್ಲಿ ಇದಕ್ಕೆಲ್ಲ ಒಂದೇ ಹೆಸರು, ಗ್ಯಾಸ್ಟ್ರಿಕ್. ಸೋಡಾ ಕುಡಿದು, ತೇಗು ಬಂದು, "ಈಗ ಪರವಾಗಿಲ್ಲ" ಎನ್ನುತ್ತಾರೆ. ನೋವು ಇಳಿದದ್ದು ನಿಂತದ್ದರಿಂದ. ನಡೆದರೆ ಬರುವ, ನಿಂತರೆ ಹೋಗುವ ಉರಿಯನ್ನು ಹೃದಯದ್ದಲ್ಲ ಎಂದು ವೈದ್ಯರು ಹೇಳುವವರೆಗೆ ಹೃದಯದ್ದೆಂದೇ ತಿಳಿಯಿರಿ. ಹೋದ ತಿಂಗಳು ಸಲೀಸಾಗಿ ಹತ್ತುತ್ತಿದ್ದ ಏರು ಈ ತಿಂಗಳು ಏದುಸಿರು ತರಿಸಿದರೆ, ಓಡುವಾಗ ಕಣ್ಣು ಕತ್ತಲಿಟ್ಟರೆ, ಎದೆಬಡಿತ ಲಯ ತಪ್ಪಿ ಹಾರಿದರೆ ಅಂದೇ ಓಟ ನಿಲ್ಲಿಸಿ ತೋರಿಸಿಕೊಳ್ಳಿ.

ನಿಂತ ಮೇಲೂ ನೋವು ಹೋಗದಿದ್ದರೆ 108ಕ್ಕೆ ಕರೆ ಮಾಡಿ. ಅಲರ್ಜಿ, ರಕ್ತಸ್ರಾವದ ತೊಂದರೆ ಇಲ್ಲದಿದ್ದರೆ 300 ಮಿ.ಗ್ರಾಂ. ಆಸ್ಪಿರಿನ್ ಅಗಿದು ನುಂಗಬಹುದು. ಸ್ಕೂಟರ್ ಓಡಿಸಿಕೊಂಡು ತಾವೇ ಹೋಗಬಾರದು. ಕರ್ನಾಟಕ ಸರ್ಕಾರ 2023ರಲ್ಲಿ ಆರಂಭಿಸಿದ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಡಿ ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ನಿಮ್ಮ ತಾಲ್ಲೂಕಿನಲ್ಲಿ ಇದೆಯೇ ಎಂದು ಆರೋಗ್ಯವಾಗಿರುವಾಗಲೇ ವಿಚಾರಿಸಿಡಿ.

ಜೊತೆಯವರು ಕುಸಿದು, ಕೂಗಿದರೂ ಓಗೊಡದೆ, ಉಸಿರಾಟ ನಿಂತಿದ್ದರೆ ಅಥವಾ ಬರೀ ಗೊರಗೊರ ಎನ್ನುತ್ತಿದ್ದರೆ ನೀರು ಕುಡಿಸಲು ಹೋಗಬೇಡಿ. ಒಬ್ಬರು 108ಕ್ಕೆ ಕರೆ ಮಾಡಲಿ, ಇನ್ನೊಬ್ಬರು ಎದೆಯ ನಡುಮೂಳೆಯ ಕೆಳ ಅರ್ಧದ ಮೇಲೆ ಅಂಗೈಗಳನ್ನಿಟ್ಟು ನಿಮಿಷಕ್ಕೆ 100ರಿಂದ 120ರಂತೆ, 5ರಿಂದ 6 ಸೆಂ.ಮೀ. ಆಳಕ್ಕೆ ಒತ್ತಲಿ. ಮೊಣಕೈ ಬಾಗಬಾರದು; ಪ್ರತಿ ಸಲ ಎದೆ ಪೂರ್ತಿ ಮೇಲೇಳಲು ಬಿಡಬೇಕು. ಎರಡು ನಿಮಿಷಕ್ಕೊಮ್ಮೆ ಕೈ ಬದಲಿಸಿ, ಇಲ್ಲದಿದ್ದರೆ ಸುಸ್ತಾಗಿ ಆಳ ಕಡಿಮೆಯಾಗುತ್ತದೆ. ಬೆಳಗ್ಗೆ ಗುಂಪಾಗಿ ಓಡುವವರೆಲ್ಲ ಇದನ್ನು ಒಮ್ಮೆ ಬೊಂಬೆಯ ಮೇಲೆ ಕಲಿಯಲೇಬೇಕು ಎಂಬುದು ನಮ್ಮ ಕಳಕಳಿಯ ಕೋರಿಕೆ.

ಸಭಿಕರ ಪ್ರಶ್ನೆಗಳು

ಮಂಡಿ ಸವೆದು ಹೋಗುವುದಿಲ್ಲವೇ ಸರ್?

ಹವ್ಯಾಸಕ್ಕೆ ಓಡುವವರಲ್ಲಿ ಮಂಡಿ ಅಥವಾ ಸೊಂಟದ ಕೀಲು ಸವೆತ 3.5 ಪ್ರತಿಶತ, ಓಡದೆ ಕೂತವರಲ್ಲಿ 10.2, ಸ್ಪರ್ಧೆಗಾಗಿ ವಿಪರೀತ ಓಡುವವರಲ್ಲಿ 13.3 ಎಂದು 2017ರ ವಿಶ್ಲೇಷಣೆ ತೋರಿಸಿದೆ. ಮಿತವಾಗಿ ಓಡಿದರೆ ಮಂಡಿಗೆ ಕೇಡಿಲ್ಲ. ಈಗಾಗಲೇ ಮಂಡಿ ಊದಿಕೊಂಡಿರುವವರು, ತೂಕ ಬಹಳ ಇರುವವರು ಮೊದಲು ನಡಿಗೆ, ಸೈಕಲ್‌ನಲ್ಲಿ ತೂಕ ಇಳಿಸಿಕೊಳ್ಳಲಿ.

ಬರೀ ವಾಕಿಂಗ್ ಸಾಲದೇ?

ಸಾಕು, ಸಮಯ ಕೊಡುವುದಾದರೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಿನ ನಡಿಗೆ ಅಥವಾ 75 ನಿಮಿಷ ಓಟದಷ್ಟು ಶ್ರಮ ಬೇಕು. ಓಟದಿಂದ ಸಮಯ ಉಳಿಯುತ್ತದೆ, ದಮ್ಮು ಬೇಗ ಬರುತ್ತದೆ. ಗೆಳೆಯರೊಡನೆ ಹರಟುತ್ತಾ ನಡೆಯುವ ನಿಧಾನದ ನಡಿಗೆ ಮಾತ್ರ ಈ ಲೆಕ್ಕಕ್ಕೆ ಬರುವುದಿಲ್ಲ. ಹಾಗೆಯೇ 70 ಕಿಲೋ ತೂಕದವರು ಅರ್ಧ ಗಂಟೆ ಓಡಿದರೆ ಖರ್ಚಾಗುವುದು ಸುಮಾರು 300 ಕ್ಯಾಲರಿ. ಓಟ ಮುಗಿಸಿ ದರ್ಶಿನಿಗೆ ಹೋಗಿ ಒಂದು ಮಸಾಲೆ ದೋಸೆ ತಿಂದರೆ ಅದು ವಾಪಸ್ ಬಂತು.

ಸ್ಟೆಂಟ್ ಹಾಕಿಸಿಕೊಂಡವರು ಓಡಬಹುದೇ?

ಬಹಳ ಮಂದಿ ಓಡಬಹುದು, ವೈದ್ಯರ ಒಪ್ಪಿಗೆಯ ಮೇಲೆ ಮತ್ತು ಕ್ರಮವಾಗಿ. ಮೊದಲ ವಾರಗಳಲ್ಲಿ ನಡಿಗೆ. ಆಮೇಲೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ ಹೃದಯದ ಶಕ್ತಿ ನೋಡಿ, ಮಾತ್ರೆಗಳನ್ನು ತೆಗೆದುಕೊಳ್ಳುತ್ತಿರುವಾಗಲೇ ಟಿಎಂಟಿ ಮಾಡಿಸಿ, ಅದರ ಆಧಾರದ ಮೇಲೆ ಮಿತಿ ಹಾಕಿಸಿಕೊಳ್ಳಬೇಕು. ಟಿಎಂಟಿಯಲ್ಲಿ ನಾಡಿ 130 ತಲುಪಿದಾಗ ನೋವು ಅಥವಾ ಇಸಿಜಿಯಲ್ಲಿ ಬದಲಾವಣೆ ಕಂಡರೆ ಮೊದಲು ಅದಕ್ಕೆ ಚಿಕಿತ್ಸೆ ಏನೆಂದು ವೈದ್ಯರು ನಿರ್ಧರಿಸುತ್ತಾರೆ; ವ್ಯಾಯಾಮಕ್ಕೆ ಒಪ್ಪಿಗೆ ಕೊಟ್ಟರೆ ಅದಕ್ಕಿಂತ ಕನಿಷ್ಠ 10 ಕಡಿಮೆ, ಅಂದರೆ 120ರ ಒಳಗೇ ಇರಬೇಕು. ಆಸ್ಪಿರಿನ್, ಕ್ಲೋಪಿಡೊಗ್ರೆಲ್ ಮಾತ್ರೆಗಳನ್ನು "ಈಗ ಓಡ್ತಾ ಇದೀನಲ್ಲ" ಎಂದು ತಾವಾಗಿ ನಿಲ್ಲಿಸಿದರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಬಹುದು. ಹಲ್ಲು ಕೀಳಿಸುವುದಿದ್ದರೂ ಹೃದಯ ತಜ್ಞರನ್ನು ಕೇಳಿಯೇ ಆ ಮಾತ್ರೆಗಳ ವಿಚಾರಕ್ಕೆ ಕೈಹಾಕಬೇಕು.